ಇನ್ನೂ ಬೀಳದ ಸೇತುವೆ

ಹೋದ ಮಳೆಗಾಲದಲ್ಲಿ ನಮ್ಮೂರ ಹಳ್ಳದ ಸೇತುವೆ ಕೊಚ್ಚಿಹೋಯಿತು. ಅದರ ಕೆಳಗೆ ನೀರು ಹರಿಯಲು ಇದ್ದದ್ದು ಬರೀ ಸಿಮೆಂಟ್ ಪೈಪು. ನಾವೇ ದಂಡೆಯ ಮೇಲೆ ಒಟ್ಟಿದ್ದ ತೊಗರಿ ಕಟ್ಟಿಗೆ ತೇಲಿ ಬಂದು ಪೈಪಿನ ಬಾಯಿಗೆ ಬಿರಡೆಯ ಹಾಗೆ ಕೂತಿತು. ನೀರು ಮೇಲೇರಿ ಸೇತುವೆಯನ್ನೂ, ಕುರಿ ಹೊಡೆದುಕೊಂಡು ದಾಟುತ್ತಿದ್ದ ನಮ್ಮ ಮಲ್ಲಪ್ಪ ಕಾಕಾನನ್ನೂ ಒಯ್ದಿತು.

ಆಮೇಲೆ ಪೈಪಿಲ್ಲದ, ಅಗಲ ಬಾಯಿಯ ಹೊಸ ಸೇತುವೆ ಕಟ್ಟಿದರು. ನಾನೂ ಕಾಂಕ್ರೀಟ್ ಹೊತ್ತೆ. “ಬಿದ್ದ ಮ್ಯಾಲೇ ನಾವು ಕಲಿಯೋದು, ತಂಗೀ” ಎಂದಿದ್ದ ಇಂಜಿನಿಯರ್ ಸಾಹೇಬ. ನಾನು ನಂಬಿದ್ದೆ.

ಮೊನ್ನೆ ಅದೇ ಸಾಹೇಬನ ಕೆಲಸಕ್ಕೆ ಹಳ್ಳದ ಕೆಳಗಿನ ಊರಿಗೆ ಹೋದೆ. ಅಲ್ಲಿನ ಹಳೇ ಸೇತುವೆಗೂ ಅಂಥವೇ ಪೈಪು, ದಂಡೆಯ ಮೇಲೆ ಅಂಥದೇ ತೊಗರಿ ಕಟ್ಟಿಗೆ. ನಮ್ಮ ಕೆಲಸ ಅದರ ತಡೆಗೋಡೆಗೆ ಬಣ್ಣ ಬಳಿಯುವುದು. ನನ್ನ ಮಗಳ ಶಾಲೆಯ ಆಟೊ ದಿನಾ ದಾಟುವುದು ಇದನ್ನೇ.

“ಸಾಹೇಬ್ರ, ಇದನ್ನೂ ಹೊಸದಾಗಿ ಕಟ್ಟಂಗಿಲ್ಲೇನ್ರಿ?”

“ಇದು ಇನ್ನೂ ಬಿದ್ದಿಲ್ಲಲ್ಲ ತಂಗೀ. ಬಿದ್ದದ್ದಕ್ಕಷ್ಟ ಮಂಜೂರಿ ಸಿಗ್ತದ.”

“ನಮ್ಮ ಕಾಕಾನ ಹೆಣ ಇಲ್ಲೀತನಕ ತೇಲಿ ಬಂದಿತ್ತಲ್ರಿ. ನೀವು ಕಲಿತದ್ದು ಇಲ್ಲೀತನಕ ಬರಲಿಲ್ಲೇನ್ರಿ?”

ಸಾಹೇಬ ಫೋನು ಕಿವಿಗಿಟ್ಟುಕೊಂಡು ಜೀಪಿನ ಕಡೆ ನಡೆದ.

ಬಣ್ಣ ಮುಗಿದ ಮೇಲೆ ನಾನೇ ಕಟ್ಟಿಗೆಯನ್ನು ದಂಡೆಯಿಂದ ದೂರ ಎಳೆಯತೊಡಗಿದೆ. ಅದರ ಒಡತಿ ಓಡಿ ಬಂದಳು.

“ಏ, ನಮ್ಮ ಕಟ್ಟಿಗಿ ಯಾಕ ಮುಟ್ತಿ?”

“ಅಕ್ಕಾ, ನೀರು ಬಂದ್ರ ಇದು ಪೈಪಿಗೆ ಸಿಕ್ಕೊಂಡು ಸೇತುವಿ ಹೋಗ್ತದ.”

ಆಕೆ ಸೇತುವೆಯನ್ನೊಮ್ಮೆ ನೋಡಿ ನಕ್ಕಳು. “ಯಾಕ ಹೋಗ್ತದ? ಈಗಷ್ಟ ಹೊಸ ಬಣ್ಣ ಹಚ್ಚ್ಯಾರ, ಕಾಣ್ಸಂಗಿಲ್ಲೇನು?”

ಆ ಬಣ್ಣ ಹತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಟೆ.