ಅಲ್ಸಿದ್‌ನ ಎಡಗಾಲು

ಕಾಲುವೆ ದಂಡೆಯ ನಮ್ಮ ಊರಿನಲ್ಲಿ ಸಂತರಿಗೇನೂ ಕೊರತೆಯಿಲ್ಲ. ಆದರೆ ಎಲ್ಲರೂ ಚರ್ಚಿನ ಗೋಡೆಯಲ್ಲಿ ಕಲ್ಲಾಗಿ ನಿಂತವರು. ಉಸಿರಾಡುವ ಸಂತ ಅಲ್ಸಿದ್ ವಾಂಡಾಲ್ ಒಬ್ಬನೇ. ‘ನಿಲ್ಲಿ’ ಎಂಬ ಫಲಕ ಕಂಡಲ್ಲಿ ನಿಜವಾಗಿಯೂ ನಿಲ್ಲುವ ಮನುಷ್ಯ ಇಡೀ ಫ್ರಾನ್ಸಿನಲ್ಲಿ ಮತ್ತೊಬ್ಬನಿರಲಾರ. ಬರೀ ನಿಲ್ಲುವುದಲ್ಲ, ಎಡಗಾಲನ್ನು ನೆಲಕ್ಕೂರುತ್ತಾನೆ. ಎರಡು ಚಕ್ರದವರು ಊರಿದರೆ ಅರ್ಥವಿದೆ. ಅಲ್ಸಿದ್‌ನ ವಿದ್ಯುತ್ ಸೈಕಲಿಗೆ ಇರುವುದು ಮೂರು ಚಕ್ರ, ಮಲಗಿದರೂ ಬೀಳುವುದಿಲ್ಲ. ಆದರೂ ಊರುತ್ತಾನೆ. ಅವನ ಎಡಬೂಟಿನ ಅಟ್ಟೆ ಮಾತ್ರ ಸವೆಯುವುದನ್ನು ಕಂಡು, ಗಣರಾಜ್ಯಕ್ಕಾಗಿ ಇಷ್ಟು ಚರ್ಮ ತೆತ್ತವರು ಸೈನಿಕರಲ್ಲೂ ಇಲ್ಲವೆಂದು ನಾವು ಬಾರಿನಲ್ಲಿ ಲೋಟ ಎತ್ತಿದ್ದುಂಟು.

ನಮ್ಮ ಕಥೆ ಬೇರೆ. ವಿದ್ಯುತ್ ಸೈಕಲಿನ ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರು ಮುಟ್ಟಿದೊಡನೆ ಮೋಟರು ಕೈಬಿಡಬೇಕೆಂಬುದು ನಿಯಮ. ಬೇಕರಿಯ ಬೆರ್ತಿಲ್ ಆ ಕಡಿವಾಣದ ತಂತಿಯನ್ನೇ ಕತ್ತರಿಸಿದ್ದಾಳೆ. ಕೇಳಿದರೆ, “ನಿಯಮ ಇರೋದು ಪ್ಯಾರಿಸ್ಸಿನೋರಿಗೆ ಕಣಯ್ಯಾ, ನನ್ನ ಬ್ರೆಡ್ಡು ಆರೋಗುತ್ತೆ!” ಎನ್ನುತ್ತಾಳೆ.

ಆ ಭಾನುವಾರ ಸೇತುವೆಯ ಆಚೆ, ‘ನಿಲ್ಲಿ’ ಫಲಕದ ಬಳಿ, ಪೊಲೀಸರು ಕಾದಿದ್ದರು. ಎದುರಿನಿಂದ ಬರುವ ಕಾರುಗಳೆಲ್ಲ ದೀಪ ಮಿಟುಕಿಸಿ, ನಮ್ಮ ಪದ್ಧತಿಯಂತೆ, ಸುದ್ದಿ ಮುಟ್ಟಿಸಿದವು. ಬೆರ್ತಿಲ್ ಥಟ್ಟನೆ ಇಳಿದು, ಚಕ್ರ ಪಂಕ್ಚರಾದವಳಂತೆ ಸಪ್ಪೆ ಮುಖ ಮಾಡಿ ಸೈಕಲು ತಳ್ಳತೊಡಗಿದಳು. ದೀಪ ನೋಡದವರ ಸೈಕಲುಗಳು ಆಗಲೇ ಪೊಲೀಸ್ ವ್ಯಾನಿನ ಪಕ್ಕ ಸಾಲಾಗಿ ಬಂಧನದಲ್ಲಿದ್ದವು.

ಅಲ್ಸಿದ್ ಮಾತ್ರ ಯಾವ ದೀಪಕ್ಕೂ ಜಗ್ಗದೆ ಬಂದ. ಹಿಂದಿನ ಸೀಟಿನಲ್ಲಿ ಹಸಿರು ಫ್ರಾಕು ತೊಟ್ಟ ಹೆಂಡತಿ ರೇಮೊಂದ್. ಪಕ್ಕದ ಹಳ್ಳಿಯ ನೃತ್ಯಕೂಟದಲ್ಲಿ ಮೊದಲ ವಾಲ್ಟ್ಸ್ ಎಂದಿನಿಂದಲೂ ಅವರದು. ತಡವಾದರೆ ಔಷಧಿ ಅಂಗಡಿಯ ದಂಪತಿ ಅದನ್ನು ಕಸಿದುಕೊಳ್ಳಲು ಬೂಟು ಉಜ್ಜಿಕೊಂಡು ಕೂತಿರುತ್ತಾರೆ. ಕಾರು ಮಾರಿದ ಮೇಲೆ ಅಲ್ಲಿಗೆ ಹೋಗಲು ಇವರಿಗೆ ಈ ಬಂಡಿಯೇ ಗತಿ.

ಫಲಕದ ಬಳಿ ಎಡಗಾಲು ಇಳಿಯಿತು. ಬೂಟು ನೆಲವನ್ನು ಗರಗರನೆ ಉಜ್ಜಿತು. ಬಂಡಿ ಬಿಳಿ ಗೆರೆಯ ಮೇಲೆ ನಿಂತಿತು.

ಅಧಿಕಾರಿ ದೆಲ್‌ಕ್ರುವಾ ಟೋಪಿ ತೆಗೆದೇಬಿಟ್ಟ. “ಮೊಸ್ಯೂ! ಬೆಳಗ್ಗಿಂದ ಒಬ್ಬ, ಒಬ್ಬನಾದ್ರೂ ನಿಂತಿಲ್ಲ ಇಲ್ಲಿ. ಬನ್ನಿ ಇಲ್ಲಿ, ಎಲ್ರೂ ನೋಡಿ ಇವ್ರನ್ನ!”

ನೃತ್ಯಕೂಟದ ಕಡೆಯಿಂದ ಅಕಾರ್ಡಿಯನ್ ಶ್ರುತಿ ಹಿಡಿಯುವುದು ಕೇಳಿಸಿತು. ರೇಮೊಂದ್ ಗಂಡನ ಬೆನ್ನಿಗೆ ಕೈಚೀಲದಿಂದ ತಿವಿದಳು. “ಅಲ್ಸಿದ್, ಹೊರಡೋ! ಆ ಮಾತ್ರೆ ಮಾರೋಳು ಎದ್ದು ನಿಂತಿರ್ತಾಳೆ ಈಗ!”

“ಸಾಹೇಬ್ರೇ, ನಾವು ಸ್ವಲ್ಪ...”

“ಇರಿ ಮೊಸ್ಯೂ, ಒಂದು ಫೋಟೋ. ಶಾಲೆಯಲ್ಲಿ ತೋರಿಸ್ತೀನಿ.” ಸೈಕಲು ಕಳೆದುಕೊಂಡವರನ್ನೆಲ್ಲ ಅವನು ಸುತ್ತ ನಿಲ್ಲಿಸಿದ. ಬೆರ್ತಿಲ್ ಕೂಡ ‘ಪಂಕ್ಚರ್’ ಮರೆತು ಹತ್ತಿರ ಬಂದಳು.

ಅಕಾರ್ಡಿಯನ್ ನಿಂತಿತು. ಇನ್ನು ವಾಲ್ಟ್ಸ್ ಶುರುವಾಗುವುದೇ ಬಾಕಿ. ಅಲ್ಸಿದ್ ಸೀಟಿನ ಮೇಲೆ ಮುಳ್ಳಿದ್ದವನಂತೆ ಮಿಸುಕಾಡಿದ.

“ಹೇಳಿ ಮೊಸ್ಯೂ,” ಅಧಿಕಾರಿ ಟೋಪಿಯನ್ನು ಎದೆಗೊತ್ತಿಕೊಂಡು ಕೇಳಿದ, “ಮೂರು ಚಕ್ರ ಇದ್ರೂ ಕಾಲೂರಿ ನಿಲ್ತೀರಲ್ಲ, ಈ ಶಿಸ್ತು ನಿಮಗೆ ಎಲ್ಲಿಂದ ಬಂತು?”

“ಶಿಸ್ತೂ ಇಲ್ಲ ಏನೂ ಇಲ್ಲ, ಬಿಡಿ ಸಾಹೇಬ್ರೇ, ಹೊತ್ತಾಯ್ತು,” ಎಂದ ಅಲ್ಸಿದ್. “ಬ್ರೇಕ್ ಕೆಟ್ಟೋಗಿದೆ.”