ಉಸಿರು ಕಟ್ಟದೆ ಎಳೆದ ಗೆರೆ

ನಮ್ಮವರು ಅಂಗಡಿಗಳಿಗೆ ಬೋರ್ಡು ಬರೆಯುವವರು. ಏಣಿಯ ಮೇಲೆ ನಿಂತು ಅವರು ಬರಿಗೈಯಲ್ಲಿ ಎಳೆದ ಗೆರೆಗೆ ಸ್ಕೇಲ್ ಇಟ್ಟು ನೋಡಿದವರೆಲ್ಲ ತೆಪ್ಪಗಾಗಿದ್ದಾರೆ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕಟ್ಟಿಕೊಂಡವಳು ಹೇಳದೆ ಇನ್ಯಾರು ಹೇಳಬೇಕು?

ಅವರ ಪ್ರಾಸ್ಟೇಟ್ ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಟ್ಯೂಬು ತೆಗೆದ ಮೇಲೆ ಮೂತ್ರ ಹಿಡಿತಕ್ಕೆ ಸಿಗಲಿಲ್ಲ. ಕೆಮ್ಮಿದರೆ, ಎದ್ದರೆ, ಮೆಟ್ಟಿಲು ಹತ್ತಿದರೆ ಪ್ಯಾಡು ಒದ್ದೆ. ಒದ್ದೆ ಕಾಣದಿರಲೆಂದು ಕಪ್ಪು ಪ್ಯಾಂಟು ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಬೇಕರಿಯವನು ಹೊಸ ಬೋರ್ಡಿಗೆಂದು ಬಂದಾಗ ಒಳಗೇ ಕೂತುಬಿಟ್ಟರು.

"ಏಣಿ ಕೆಳಗೆ ಜನ ಓಡಾಡ್ತಾರೆ ಕಣೇ. ಆಗಲ್ಲ ಅಂತ ಹೇಳಿ ಕಳಿಸು."

ನನಗೆ ಪಾಪ ಅನ್ನಿಸಿತು, ಸಿಟ್ಟೂ ಬಂತು. "ಅವರೇ ಬರೀತಾರೆ, ಸ್ವಲ್ಪ ದಿನ ಕಾಯಿರಿ" ಎಂದು ಬೇಕರಿಯವನಿಗೆ ಮಾತು ಕೊಟ್ಟುಬಿಟ್ಟೆ.

ಆಸ್ಪತ್ರೆಯ ಫಿಸಿಯೋಥೆರಪಿ ಹುಡುಗಿ ವ್ಯಾಯಾಮ ಹೇಳಿಕೊಟ್ಟಿದ್ದಳು. ಬರುತ್ತಿರುವ ಮೂತ್ರವನ್ನು ತಡೆಯುವಾಗ ಹಿಡಿಯುವಂತೆ ಒಳಗಿನ ಸ್ನಾಯುವನ್ನು ಮೇಲಕ್ಕೆ ಬಿಗಿಹಿಡಿಯಬೇಕು, ಆಮೇಲೆ ಪೂರ್ತಿ ಸಡಿಲ ಬಿಡಬೇಕು. ನಮ್ಮವರು ಒಂದು ಹೊತ್ತೂ ತಪ್ಪಿಸಲಿಲ್ಲ. ವಾರಗಟ್ಟಲೆ ಮಾಡಿದರೂ ಪ್ಯಾಡು ಮಾತ್ರ ಒದ್ದೆಯೇ. ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಮಾಡುವಾಗ ಅವರ ಮುಖ ನೋಡಿದೆ. ಕೆಂಪಗೆ ಊದಿಕೊಂಡಿತ್ತು. ಉದ್ದ ಗೆರೆ ಎಳೆಯುವಾಗ ಕೈ ಅಲುಗಬಾರದೆಂದು ಉಸಿರು ಕಟ್ಟುತ್ತಾರಲ್ಲ, ಅದೇ ಮುಖ!

"ರೀ, ಉಸಿರು ಬಿಡ್ರೀ!"

"ಬಿಟ್ರೆ ಗೆರೆ ಸೊಟ್ಟ ಆಗುತ್ತೆ ಕಣೇ."

"ಯಾವ ಗೆರೆ? ಅಲ್ಲೇನು ಬೋರ್ಡ್ ಬರೀತಾ ಇದ್ದೀರಾ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕ ತಪ್ಪಿಗೆ ಅವರು ಪ್ಯಾಂಟು ಬದಲಿಸಬೇಕಾಯಿತು.

ಉಸಿರು ಕಟ್ಟಿದರೆ ಹೊಟ್ಟೆ ಕೆಳಕ್ಕೆ ಒತ್ತುತ್ತದೆ, ಪಟ್ಟ ಪಾಡೆಲ್ಲ ದಂಡ ಎಂದಳು ಆ ಫಿಸಿಯೋಥೆರಪಿ ಹುಡುಗಿ, ಹೋಗಿ ಕೇಳಿದಾಗ. ಅಂದಿನಿಂದ ವ್ಯಾಯಾಮದ ಹೊತ್ತಿಗೆ ಅವರನ್ನು ಮಾತಿಗೆಳೆಯುವುದು ನನ್ನ ಕೆಲಸವಾಯಿತು. ಮಾತಾಡುತ್ತ ಉಸಿರು ಕಟ್ಟಲು ಯಾರಿಂದಲೂ ಆಗದು. ಕೇಳಿದ್ದಕ್ಕೆ ಹ್ಞೂಂ ಎನ್ನುವುದೇ ಹೆಚ್ಚೆಂಬ ಮನುಷ್ಯ, ಬಿಗಿಹಿಡಿದುಕೊಂಡೇ ಬೀದಿಯ ಸುದ್ದಿಯನ್ನೆಲ್ಲ ಹೇಳಲು ಕಲಿತರು. ಬರಬರುತ್ತ ಪ್ಯಾಡು ಸಂಜೆಯವರೆಗೂ ಒದ್ದೆಯಾಗದೆ ಇರತೊಡಗಿತು.

ಮೊನ್ನೆ ಬೇಕರಿಗೆ ಹೊರಡುವಾಗ ಅವರು ಬೀರುವಿನಿಂದ ತೆಗೆದದ್ದು ತಿಳಿ ಬೂದುಬಣ್ಣದ ಪ್ಯಾಂಟು. ಬೇಕರಿಯ ಮುಂದೆ ನಾನು ಏಣಿ ಹಿಡಿದು ನಿಂತೆ. ಒಳಗೆ ಬಿಗಿಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟರು, ಹಾಗೇ ಮೇಲೆ ಹೋದರು. ಬ್ರಷ್ಷು ಬೋರ್ಡಿಗೆ ತಾಗಿದಾಗ ನನ್ನ ಉಸಿರೇ ನಿಂತಿತ್ತು.

"ಏನೇ, ಸದ್ದೇ ಇಲ್ಲ? ಮಾತಾಡು" ಎಂದರು, ಗೆರೆ ಎಳೆಯುತ್ತಲೇ.

ಹೆಮ್ಮೆಯಿಂದ ನಾನು ಆ ಬ್ರಷ್ಷನ್ನೇ ನೋಡುತ್ತಿದ್ದೆ. ಗೆರೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಯಿತು. ಪ್ಯಾಂಟಿನ ಮೇಲೆ ಒಂದು ಹನಿ ಇಲ್ಲ.

ಬೇಕರಿಯವನು ಒಳಗಿನಿಂದ ಸ್ಕೇಲ್ ತಂದ.

"ಇಟ್ಟು ನೋಡಿ" ಎಂದೆ.