ಹೊಸ್ತಿಲ ಮೇಲೆ ಎಡಗಾಲು

ಹೈದರಾಬಾದಿನ ಮಾದಾಪುರದಲ್ಲಿ ಆಫೀಸಿಗೆ ಹೋಗುವವರಿಗೆ ನಾನು ಇಂಗ್ಲಿಷ್ ಮಾತಾಡಲು ಕಲಿಸುತ್ತೇನೆ. ಮೊನ್ನೆ ಪಾಠದಲ್ಲಿ 'ಸ್ಟಾರ್ಟಿಂಗ್ ಆನ್ ದ ರಾಂಗ್ ಫುಟ್' ಬಂತು. ತಪ್ಪು ಕಾಲಿಟ್ಟು ಶುರು ಮಾಡುವುದು. ಅಂದರೆ ಮೊದಲ ದಿನವೇ ಏನೋ ಎಡವಟ್ಟಾಗಿ ಸಂಬಂಧ ಕೆಡುವುದು. ಹೊಸ ಮ್ಯಾನೇಜರ್ ಜೊತೆ ಮೊದಲ ಮೀಟಿಂಗಿನಲ್ಲೇ ಜಗಳವಾದರೆ ಹೀಗೆ ಹೇಳಬಹುದು ಎಂದೆ. ಕಾಲಿಗೂ ಇದಕ್ಕೂ ಸಂಬಂಧವಿಲ್ಲ, ಬರೀ ಮಾತಿನ ರೀತಿ ಎಂದೂ ಹೇಳಿದೆ. ಹೇಳುವಾಗ ಮೈ ಉರಿಯಿತು. ನನ್ನ ಪಾಲಿಗೆ ಅದು ಬರೀ ಮಾತಲ್ಲ.

ಚಿಕ್ಕವಳಿದ್ದಾಗ ಬಂದ ಜ್ವರದಿಂದ ನನ್ನ ಬಲಗಾಲು ಸೊರಗಿದೆ. ಮೆಟ್ಟಿಲಾಗಲಿ ಹೊಸ್ತಿಲಾಗಲಿ, ಎಡಗಾಲು ಮೊದಲು ಏರಿ ಮೈಯನ್ನು ಎಳೆದುಕೊಳ್ಳಬೇಕು. ಮದುವೆಯಾಗಿ ಇಲ್ಲಿನ ಗಂಡನ ಮನೆಗೆ ಬಂದಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಬಲಗಾಲಿನಿಂದ ಅದನ್ನು ಉರುಳಿಸಿ, ಅದೇ ಕಾಲಿಟ್ಟು ಒಳಗೆ ಬರಬೇಕು. ಮನೆಯವರು ಮೂಲತಃ ಬೀದರ್ ಕಡೆಯ ಮಂದಿ, ಶಾಸ್ತ್ರ ಬಿಡುವವರಲ್ಲ.

"ಬಲಗಾಲ ಇಡವ್ವಾ, ಮೊದಲ್ನೇ ಹೆಜ್ಜಿ ಐತಿ," ಎಂದರು ಆರತಿ ತಟ್ಟೆ ಹಿಡಿದ ಅತ್ತೆ.

"ಆ ಕಾಲಿಗೆ ಮ್ಯಾಲ ಏರೂ ಶಕ್ತಿ ಇಲ್ರಿ. ಬೀಳ್ತೀನಿ."

"ಅದಕ್ಕೇನಾತು! ಇಬ್ಬರು ಹಿಡದು ಎತ್ತಿ ಇಡ್ರಿ ಆಕೀನ," ಎಂದು ಗಂಡನ ಸೋದರತ್ತೆ ಅಪ್ಪಣೆ ಕೊಟ್ಟರು. ಇಬ್ಬರು ಹೆಂಗಸರು ಬಂದು ನನ್ನ ರಟ್ಟೆ ಹಿಡಿದೇಬಿಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ಮೆಟ್ಟಿಲ ತುಂಬ ನೆಂಟರು, ಪಕ್ಕದ ಮನೆಯ ತೆಲುಗರು, ಎಲ್ಲರೂ ನೋಡುತ್ತಿದ್ದಾರೆ. ಇವತ್ತು ಎತ್ತಿ ಇಡಿಸಿಕೊಂಡರೆ ಈ ಮನೆಯಲ್ಲಿ ಸಾಯುವ ತನಕ ನಾನು ಎತ್ತಿ ಇಡುವ ಸಾಮಾನೇ.

"ಬಿಡ್ರಿ ಕೈ! ಎತ್ತಿ ಇಡಾಕ ನಾ ಏನ್ ಜೋಳದ ಚೀಲ ಏನ್ರಿ?"

ಬಾಗಿಲ ಚೌಕಟ್ಟು ಹಿಡಿದು, ಎಡಗಾಲಿನಿಂದಲೇ ಸೇರು ಉರುಳಿಸಿ ಒಳಗೆ ಬಂದೆ. ಅಕ್ಕಿ ಸೋಫಾದ ಕೆಳಗಿನವರೆಗೂ ಚೆಲ್ಲಿತು.

"ಅಯ್ಯಯ್ಯ, ಎಡಗಾಲ! ಅಪಶಕುನ ಆತಲ್ಲ!" ಸೋದರತ್ತೆ ಬಾಯಿ ಬಡಿದುಕೊಂಡರು. "ಹೊರಗ ಹೋಗು. ಮತ್ತೊಮ್ಮೆ ಸರಿಯಾಗಿ ಬಾ."

ಗಂಡ ಇನ್ನೂ ಹೊರಗೇ ಇದ್ದರು. ನನ್ನ ಸೆರಗಿಗೂ ಅವರ ಶಲ್ಯಕ್ಕೂ ಹಾಕಿದ ಗಂಟು ನಮ್ಮಿಬ್ಬರ ನಡುವೆ ಬಿಗಿದು ನಿಂತಿತ್ತು. ನಾನು ಆ ಗಂಟು ಬಿಚ್ಚಲು ಕೈ ಹಾಕಿದೆ.

"ಹೊರಗ ಹೋದ್ರ ನಾ ಮತ್ತ ಬರೂದಿಲ್ರಿ."

ಅತ್ತೆ ನನ್ನ ಕೈ ನೋಡಿದರು, ಗಂಟು ನೋಡಿದರು, ಆಮೇಲೆ ಮಗನ ಕಡೆ ತಿರುಗಿದರು.

"ಲೇ, ಏನ್ ನೋಡ್ಕೋತ ನಿಂತಿ? ಆಕಿ ಒಳಗ ಬಂದಾಳ, ನೀನೂ ಬಾರೋ."